ಫೇಲ್ ಆದ ಮಣ್ಣು ಗಟ್ಟಿಯಾಗಿತ್ತು, ಪಾಸ್ ಆದದ್ದು ಪೊಳ್ಳಾಗಿತ್ತು: ಒಂದು ಏರಿಯ ಪ್ರಕರಣ ಅಧ್ಯಯನ

ಒಂದು ಸೇತುವೆಗೆ ಎರಡೂ ಕಡೆಯಿಂದ ಹತ್ತುವ ರಸ್ತೆ. ಅದಕ್ಕಾಗಿ ಮಣ್ಣು ತುಂಬಿ, ರೋಲರ್ ಹೊಡೆದು ಏರಿ ಕಟ್ಟುತ್ತಿದ್ದರು. ಕೆಲಸದ ನಡುವೆ ಬಲಗಡೆಯ ಏರಿಯಲ್ಲಿ ಕಾಂಪ್ಯಾಕ್ಷನ್ ಟೆಸ್ಟ್‌ಗಳು, ಅಂದರೆ ಮಣ್ಣು ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ನೋಡುವ ಟೆಸ್ಟ್‌ಗಳು, ಸಾಲಾಗಿ ಫೇಲ್ ಆಗತೊಡಗಿದವು. ಎಡಗಡೆ ಮಾತ್ರ ಎಲ್ಲವೂ ಪಾಸ್. ಬಲಗಡೆ ಏನು ತಪ್ಪಾಗಿದೆ ನೋಡಿ ಹೇಳಿ ಅಂತ ನನ್ನನ್ನು ಕರೆದರು. ಕೊನೆಗೆ ಜಾಸ್ತಿ ಅಗೆದು ತೆಗೆಯಬೇಕಾಗಿ ಬಂದದ್ದು ಎಡಗಡೆ.

ಜಾಗ, ಗುತ್ತಿಗೆದಾರ, ಲ್ಯಾಬ್ ಯಾವುದರ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಸಿಗಬಾರದು ಅಂತ ಸಂಖ್ಯೆಗಳನ್ನೂ ಸ್ವಲ್ಪ ಹೊಂದಿಸಿದ್ದೇನೆ. ಆದರೆ ಅವುಗಳ ನಡುವಿನ ಲೆಕ್ಕ ಹಾಗೇ ಇದೆ. ಕ್ಯಾಲ್ಕುಲೇಟರ್ ಹಿಡಿದುಕೊಂಡು ಓದಿದರೆ ತಾಳೆ ಬೀಳುತ್ತದೆ.

ಹಿನ್ನೆಲೆ

ಸೇತುವೆಯ ಗೋಡೆ, ಅಂದರೆ ಅಬಟ್‌ಮೆಂಟ್ ಹತ್ತಿರ ಏರಿಯ ಎತ್ತರ ಸುಮಾರು 7 ಮೀಟರ್. ಗಟ್ಟಿಯಾದ ಮೇಲೆ 200 ಮಿ.ಮೀ. ದಪ್ಪ ಉಳಿಯುವ ಹಾಗೆ ಒಂದೊಂದೇ ಲೇಯರ್ ಹಾಕಿ ರೋಲರ್ ಓಡಿಸಬೇಕು. ನಿಯಮ ಸರಳ: ಪ್ರತಿ ಲೇಯರ್‌ನ ಒಣ ಸಾಂದ್ರತೆ (ನೀರಿನ ತೂಕ ಬಿಟ್ಟು ಲೆಕ್ಕ ಹಾಕಿದ ಸಾಂದ್ರತೆ) ಸ್ಟ್ಯಾಂಡರ್ಡ್ ಪ್ರಾಕ್ಟರ್ ಟೆಸ್ಟ್‌ನ ಗರಿಷ್ಠ ಸಾಂದ್ರತೆಯ 95 ಶೇಕಡಾ ಮುಟ್ಟಬೇಕು. ತೇವಾಂಶ ಸೂಕ್ತ ತೇವಾಂಶಕ್ಕಿಂತ 2 ಹೆಚ್ಚು ಅಥವಾ 2 ಕಡಿಮೆ, ಅಷ್ಟರೊಳಗೆ ಇರಬೇಕು.

ಪ್ರಾಕ್ಟರ್ ಟೆಸ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಲಾಸ್ ಏಂಜಲೀಸ್‌ನ ನೀರು ಸರಬರಾಜು ವಿಭಾಗದಲ್ಲಿ ಮಣ್ಣಿನ ಅಣೆಕಟ್ಟು ಕಟ್ಟುತ್ತಿದ್ದ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಲೀಟರ್‌ಗೆ ಸ್ವಲ್ಪ ಕಡಿಮೆ ಹಿಡಿಯುವ ಅಚ್ಚು. ಅದರಲ್ಲಿ ಮೂರು ಪದರವಾಗಿ ಮಣ್ಣು ಹಾಕಬೇಕು. ಪ್ರತಿ ಪದರಕ್ಕೆ ಸುಮಾರು 2.5 ಕೆ.ಜಿ. ಸುತ್ತಿಗೆಯನ್ನು 305 ಮಿ.ಮೀ. ಎತ್ತರದಿಂದ 25 ಸಲ ಬೀಳಿಸಬೇಕು. ಇಷ್ಟಾದರೆ ಪ್ರತಿ ಘನ ಮೀಟರ್‌ಗೆ ಹೆಚ್ಚುಕಡಿಮೆ 600 ಕಿಲೋಜೌಲ್ ಶಕ್ತಿ ಕೊಟ್ಟಂತೆ. ಅದೇ ಮಣ್ಣಿಗೆ ನೀರು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಮತ್ತೆ ಮತ್ತೆ ಮಾಡಿದರೆ ಒಣ ಸಾಂದ್ರತೆ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಆ ಗುಡ್ಡದ ತುದಿಯೇ ಗರಿಷ್ಠ ಒಣ ಸಾಂದ್ರತೆ. ಅಲ್ಲಿರುವ ತೇವಾಂಶವೇ ಸೂಕ್ತ ತೇವಾಂಶ. ಭಾರಿ ಓಡಾಟದ ಕೆಲಸಗಳಿಗೆ ಇದರ ನಾಲ್ಕೂವರೆ ಪಟ್ಟು ಶಕ್ತಿಯ ಮಾಡಿಫೈಡ್ ಪ್ರಾಕ್ಟರ್ ಇದೆ. ಇಲ್ಲಿ ಬಳಸಿದ್ದು ಸ್ಟ್ಯಾಂಡರ್ಡ್ ಮಾತ್ರ.

ಒಂದು ವಿಷಯ ಮುಂದೆ ಬೇಕಾಗುತ್ತದೆ. ರೋಲರ್ ಮಣ್ಣಿನಿಂದ ಹೊರಗೆ ತಳ್ಳುವುದು ಗಾಳಿಯನ್ನು. ನೀರನ್ನು ಅದು ಹಿಂಡಿ ತೆಗೆಯುವುದಿಲ್ಲ.

ಕೆಲಸ ಶುರುವಾಗುವ ಮೊದಲು ಮಣ್ಣು ತೆಗೆಯುವ ಗುಂಡಿಯಿಂದ ಒಂದು ಮೂಟೆ ಲ್ಯಾಬಿಗೆ ಹೋಗಿತ್ತು. ವರದಿ ಬಂತು: ಗರಿಷ್ಠ ಒಣ ಸಾಂದ್ರತೆ ಸಿಸಿಗೆ 1.98 ಗ್ರಾಂ, ಸೂಕ್ತ ತೇವಾಂಶ 10.5 ಶೇಕಡಾ. ಜಲ್ಲಿ ಮಿಶ್ರಿತ ಕೆಂಪು ಮರಳು ಮಣ್ಣಿಗೆ ಇದು ಸಹಜವಾದ ಸಂಖ್ಯೆ. ಸೈಟ್ ಆಫೀಸಿನ ಬೋರ್ಡಿನ ಮೇಲೆ 1.98 ಅಂತ ದೊಡ್ಡದಾಗಿ ಬರೆದಿದ್ದರು. ನಾನು ಹೋದಾಗಲೂ ಅದು ಹಾಗೇ ಇತ್ತು.

ಸಮಸ್ಯೆ

ಮೊದಲ ಒಂಬತ್ತು ಲೇಯರ್‌ಗಳಿಗೆ ಯಾವ ತಕರಾರೂ ಇರಲಿಲ್ಲ. ಎರಡೂ ಕಡೆ 96ರಿಂದ 99 ಶೇಕಡಾ. ಹತ್ತನೆಯ ಲೇಯರ್‌ನಿಂದ ಬಲಗಡೆ 88ರ ಆಸುಪಾಸಿಗೆ ಬಿತ್ತು. ಅದೇ ರೋಲರ್, ಅದೇ ಆಪರೇಟರ್, ರೋಲರ್ ಓಡಿದ್ದೂ ಅಷ್ಟೇ ಸಲ, ಅಂದರೆ ಅಷ್ಟೇ ಪಾಸ್. ಎಡಗಡೆ 98ರಿಂದ 101ರವರೆಗೆ ಬರುತ್ತಿತ್ತು. 101 ನೋಡಿ ಎಲ್ಲರಿಗೂ ಖುಷಿ.

ಸೈಟಿನಲ್ಲಿ ಬಳಸುತ್ತಿದ್ದದ್ದು ಮರಳು ತುಂಬುವ ಟೆಸ್ಟ್, ಸ್ಯಾಂಡ್ ರಿಪ್ಲೇಸ್‌ಮೆಂಟ್ ಅನ್ನುತ್ತಾರಲ್ಲ, ಅದು. ಬಲಗಡೆಯ ಒಂದು ಟೆಸ್ಟನ್ನು ಪೂರ್ತಿ ನೋಡೋಣ. ಮುಂದಿನ ಜಗಳವೆಲ್ಲ ಇದರಲ್ಲೇ ಅಡಗಿದೆ. ಲೇಯರ್ ಮೇಲೆ ತಟ್ಟೆ ಇಟ್ಟು, ಅದರ ತೂತಿನೊಳಗಿಂದ 100 ಮಿ.ಮೀ. ಅಗಲ, 150 ಮಿ.ಮೀ. ಆಳದ ಗುಂಡಿಯನ್ನು ಉಳಿಯಿಂದ ಕೆತ್ತಿದರು. ಒಂದು ಕಾಳೂ ಹೊರಗೆ ಚೆಲ್ಲದ ಹಾಗೆ ಮಣ್ಣನ್ನು ಡಬ್ಬಿಗೆ ತುಂಬಿದರು. ತೂಕ 2378 ಗ್ರಾಂ. ಆಮೇಲೆ ಮರಳು ತುಂಬಿದ ಸಿಲಿಂಡರನ್ನು ಮೇಲಿಟ್ಟು, ಅದರ ಕವಾಟ ತೆರೆದು ಒಣ ಮರಳನ್ನು ಗುಂಡಿಗೆ ಬಿಟ್ಟರು. ಸಿಲಿಂಡರಿನ ತಳದ ಕೋನ್‌ನಲ್ಲಿ ಉಳಿಯುವ ಮರಳನ್ನು ಕಳೆದರೆ ಗುಂಡಿಗೆ ಹೋದದ್ದು 1696 ಗ್ರಾಂ. ಆ ಮರಳಿನ ಸಾಂದ್ರತೆ 1.44 ಅಂತ ಮೊದಲೇ ಅಳೆದಿಟ್ಟಿದ್ದರು. ಅಂದರೆ ಗುಂಡಿಯ ಗಾತ್ರ ಸುಮಾರು 1178 ಸಿಸಿ. ಒದ್ದೆ ಸಾಂದ್ರತೆ 2.02. ತೇವಾಂಶ 16 ಶೇಕಡಾ, ಹಾಗಾಗಿ ಒಣ ಸಾಂದ್ರತೆ 1.74. ಇದನ್ನು 1.98ರಿಂದ ಭಾಗಿಸಿದರೆ 88 ಶೇಕಡಾ. ಫೇಲ್.

ಏನೇನು ಮಾಡಿ ನೋಡಿದರು

ಮೊದಲ ಮದ್ದು ಎಲ್ಲರಿಗೂ ಗೊತ್ತಿರುವುದೇ: ಇನ್ನೂ ಓಡಿಸು. ಎಂಟು ಪಾಸ್ ಇದ್ದದ್ದನ್ನು ಹನ್ನೆರಡು ಮಾಡಿದರು, ಹದಿನಾರು ಮಾಡಿದರು. 1.74 ಇದ್ದದ್ದು 1.75 ಆಯಿತು. ಅಷ್ಟೇ. ಬದಲಿಗೆ ಹೊಸ ತೊಂದರೆ ಬಂತು. ರೋಲರ್ ಮುಂದೆ ಹೋಗುತ್ತಿದ್ದ ಹಾಗೆ ಅದರ ಹಿಂದೆ ನೆಲ ತಗ್ಗಿ ಮತ್ತೆ ಏಳತೊಡಗಿತು, ಹತ್ತಿಯ ಹಾಸಿಗೆ ಮೇಲೆ ಕಾಲಿಟ್ಟು ತೆಗೆದ ಹಾಗೆ. ಇದಕ್ಕೆ ಸೈಟಿನಲ್ಲಿ ಪಂಪಿಂಗ್ ಅನ್ನುತ್ತಾರೆ. ಗಾಳಿ ಹೆಚ್ಚುಕಡಿಮೆ ಹೊರಟುಹೋಗಿದೆ, ರೋಲರ್‌ನ ಭಾರವನ್ನು ಈಗ ನೀರು ಹೊರುತ್ತಿದೆ ಅಂತ ಅದರರ್ಥ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಓಡಿಸಿದರೆ ಮಣ್ಣಿನ ಕಟ್ಟು ಸಡಿಲವಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಆದರೆ ಕಾಗದದಲ್ಲಿ 88 ಇರುವಾಗ ನಿಲ್ಲಿಸು ಅಂತ ಹೇಳುವವರು ಯಾರು?

ಎರಡನೆಯದಾಗಿ ಟೆಸ್ಟ್ ಮಾಡುವ ಹುಡುಗನ ಮೇಲೆ ಅನುಮಾನ ಬಂತು. ಇದು ಅನ್ಯಾಯವಾದರೂ ಪೂರ್ತಿ ವ್ಯರ್ಥವಾಗಲಿಲ್ಲ. ಎರಡು ನಿಜವಾದ ತಪ್ಪು ಸಿಕ್ಕವು. ಗುಂಡಿಗೆ ಮರಳು ಇಳಿಯುವಾಗ ಪಕ್ಕದಲ್ಲೇ ರೋಲರ್ ವೈಬ್ರೇಷನ್ ಹಾಕಿಕೊಂಡು ಓಡುತ್ತಿತ್ತು. ನೆಲ ನಡುಗಿದರೆ ಮರಳು ಒತ್ತೊತ್ತಾಗಿ ಕೂರುತ್ತದೆ, ಜಾಸ್ತಿ ಮರಳು ಇಳಿಯುತ್ತದೆ, ಗುಂಡಿ ಇರುವುದಕ್ಕಿಂತ ದೊಡ್ಡದು ಅಂತ ಲೆಕ್ಕ ಬರುತ್ತದೆ, ಸಾಂದ್ರತೆ ಕಡಿಮೆ ಕಾಣುತ್ತದೆ. ರೋಲರ್ ನಿಲ್ಲಿಸಿ ಮಾಡಿದ ಟೆಸ್ಟ್‌ಗಳಲ್ಲಿ ಸುಮಾರು 0.02 ಏರಿತು.

ಇನ್ನೊಂದು ತಪ್ಪು ಇದರ ಉಲ್ಟಾ. ಬೇಗ ಆಗಲಿ ಅಂತ ಕೆಲವು ದಿನ ತೇವಾಂಶವನ್ನು ಕ್ಯಾಲ್ಸಿಯಂ ಕಾರ್ಬೈಡ್ ಪುಡಿ ಹಾಕಿ ಅಳೆಯುವ ಮೀಟರಿನಲ್ಲಿ ನೋಡಿದ್ದರು. ಆ ಮೀಟರ್ ತೋರಿಸುವುದು ಒದ್ದೆ ತೂಕದ ಮೇಲಿನ ಶೇಕಡಾ. ನಮಗೆ ಬೇಕಾದದ್ದು ಒಣ ತೂಕದ ಮೇಲಿನದ್ದು. ಮೀಟರ್ 13.8 ಅಂದರೆ ನಿಜವಾದ ತೇವಾಂಶ 16. ಅದನ್ನು ಬದಲಾಯಿಸದೆ ಹಾಗೇ ಬರೆದರೆ 1.74ರ ಬದಲು 1.77 ಬರುತ್ತದೆ. ಒಂದು ತಪ್ಪು ಕೆಳಗೆ ಎಳೆಯುತ್ತಿತ್ತು, ಇನ್ನೊಂದು ಮೇಲೆ. ಎರಡನ್ನೂ ಸರಿ ಮಾಡಿದರು. ಮೇಲೆ ತೋರಿಸಿದ ಟೆಸ್ಟ್ ಎರಡೂ ಸರಿಯಾದ ಮೇಲಿನದ್ದು. ಆದರೂ 88.

ಮೂರನೆಯ ಪ್ರಯತ್ನವೇ ನಿಜವಾಗಿ ಹಾನಿ ಮಾಡಿದ್ದು. ಲೆಕ್ಕ ನೋಡಿದರೆ ಸರಿಯಾಗೇ ಇತ್ತು: ಸೂಕ್ತ ತೇವಾಂಶ 10.5, ಸೈಟಿನಲ್ಲಿ 16, ಅಂದರೆ ಮಣ್ಣು ತುಂಬಾ ಒದ್ದೆ, ಒಣಗಿಸಿ. ಗ್ರೇಡರ್ ಹಾಕಿ ಲೇಯರ್ ಬಿಡಿಸಿದರು, ಬಿಸಿಲಿಗೆ ತಿರುವಿ ಹಾಕಿದರು, 11 ಶೇಕಡಾಕ್ಕೆ ಇಳಿಸಿ ಮತ್ತೆ ರೋಲರ್ ಹೊಡೆದರು. ಎರಡು ಲೇಯರ್‌ಗಳಿಗೆ ಹೀಗೆ ಮಾಡಿದರು. ಮೇಲ್ಮೈ ಕಲ್ಲಿನ ಹಾಗಾಯಿತು. ಹಿಮ್ಮಡಿಯಿಂದ ಒದ್ದರೂ ಗುರುತು ಬೀಳಲಿಲ್ಲ. ತುಂಬಿದ ಲಾರಿ ಓಡಿಸಿದರೆ ಚಕ್ರದ ಗೆರೆ ಮಾತ್ರ. ಎಲ್ಲರೂ ನಿಟ್ಟುಸಿರು ಬಿಟ್ಟರು. ಟೆಸ್ಟ್ ಮಾಡಿದರೆ ಒಣ ಸಾಂದ್ರತೆ 1.65, ಅಂದರೆ 83 ಶೇಕಡಾ. ಮೊದಲಿಗಿಂತ ಐದು ಕಡಿಮೆ.

ಇಷ್ಟು ಗಟ್ಟಿಯಾದ ನೆಲ, ಇಷ್ಟು ಕಡಿಮೆ ಸಾಂದ್ರತೆ. ನನ್ನನ್ನು ಕರೆದದ್ದು ಈ ಹಂತದಲ್ಲಿ. ಆ ಹೊತ್ತಿಗೆ ಸೈಟಿನಲ್ಲಿ ಎರಡು ಪಕ್ಷ ಆಗಿದ್ದವು. ಸುಣ್ಣ ಬೆರೆಸೋಣ ಅಂತ ಒಂದು, ಈ ಗುಂಡಿಯನ್ನೇ ಬಿಟ್ಟು ಬೇರೆ ಮಣ್ಣು ಹುಡುಕೋಣ ಅಂತ ಇನ್ನೊಂದು.

ದಾರಿ ತಿರುಗಿದ್ದು ಎಲ್ಲಿ

ಹೊಸ ಟೆಸ್ಟ್ ಮಾಡಿಸುವ ಮೊದಲು ಇರುವ ಸಂಖ್ಯೆಗಳನ್ನೇ ಒಂದು ಸಲ ಪ್ರಶ್ನೆ ಮಾಡಬೇಕು ಅನ್ನುವುದು ನನ್ನ ಅಭ್ಯಾಸ. ಕಾಸಿಲ್ಲದ ಕೆಲಸ, ಐದು ನಿಮಿಷ ಸಾಕು. ಕೇಳಿದ ಪ್ರಶ್ನೆ ಇಷ್ಟೇ: 16 ಶೇಕಡಾ ತೇವಾಂಶ ಇರುವ ಮಣ್ಣಿನಲ್ಲಿ ಒಂದು ಗುಳ್ಳೆ ಗಾಳಿಯೂ ಉಳಿಯದ ಹಾಗೆ ಒತ್ತಿದರೆ ಒಣ ಸಾಂದ್ರತೆ ಎಷ್ಟಾಗಬಹುದು?

ಅದಕ್ಕೆ ಮಣ್ಣಿನ ಕಣಗಳ ಸಾಪೇಕ್ಷ ಸಾಂದ್ರತೆ, ಅಂದರೆ ಕಣ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು ಬೇಕು. 2.70 ಅಂತ ಇಟ್ಟುಕೊಳ್ಳೋಣ. 2.70ನ್ನು, 1 ಕೂಡಿಸು 0.16 ಗುಣಿಸು 2.70 ಎಂಬುದರಿಂದ ಭಾಗಿಸಬೇಕು. 2.70 ಭಾಗಿಸು 1.432. ಉತ್ತರ 1.885. ಆ ತೇವಾಂಶದಲ್ಲಿ ಇದು ಛಾವಣಿ. ಇದಕ್ಕಿಂತ ಮೇಲೆ ಯಾವ ಯಂತ್ರಕ್ಕೂ ಹೋಗಲು ಸಾಧ್ಯವಿಲ್ಲ. ಸೈಟಿನವರು ಮುಟ್ಟಬೇಕಾಗಿದ್ದ ಗುರಿ 1.98ರ 95 ಶೇಕಡಾ, ಅಂದರೆ 1.881.

ಅಂದರೆ ರೋಲರ್‌ಗೆ ಅವರು ಹೇಳುತ್ತಿದ್ದದ್ದು ಮಣ್ಣಿನ ಸಂದಿಗಳಲ್ಲಿ 99 ಶೇಕಡಾ ನೀರೇ ತುಂಬಿರುವ ಹಾಗೆ ಒತ್ತು ಅಂತ. ಕಣಗಳ ಸಾಂದ್ರತೆಯನ್ನು 2.75 ಅಂತ ಉದಾರವಾಗಿ ಹಿಡಿದರೂ 95 ದಾಟುತ್ತದೆ. ಪ್ರಾಕ್ಟರ್ ಗುಡ್ಡದ ತುದಿಯಲ್ಲಿ ಸಾಮಾನ್ಯವಾಗಿ ಸಂದಿಗಳ ಸುಮಾರು 80ರಿಂದ 90 ಶೇಕಡಾ ಮಾತ್ರ ನೀರು ಇರುತ್ತದೆ. ಅಲ್ಲಿಂದಾಚೆ ಉಳಿದ ಗಾಳಿ ಚಿಕ್ಕ ಚಿಕ್ಕ ಗುಳ್ಳೆಗಳಾಗಿ ಸಿಕ್ಕಿಹಾಕಿಕೊಳ್ಳುತ್ತದೆ, ಎಷ್ಟು ಒತ್ತಿದರೂ ಹೊರಗೆ ಬರುವುದಿಲ್ಲ. ಹದಿನಾರು ಪಾಸ್ ಆದ ಮೇಲೆ ನೆಲ ಪಂಪ್ ಮಾಡಿದ್ದು ಇದಕ್ಕೇ. ರೋಲರ್ ತನ್ನ ಕೆಲಸ ಮಾಡಿತ್ತು.

ಹಾಗಾದರೆ ತಪ್ಪು ಎಲ್ಲಿ? ಶೇಕಡಾ ಲೆಕ್ಕದಲ್ಲಿ ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ ಇರುತ್ತದೆ ಅಲ್ವಾ? ಎಲ್ಲರೂ ಮೇಲಿನದ್ದನ್ನೇ ಅಳೆದು, ಬೈದು, ಮತ್ತೆ ಅಳೆದಿದ್ದರು. ಕೆಳಗಿನ 1.98ನ್ನು ಯಾರೂ ಮುಟ್ಟಿರಲಿಲ್ಲ.

ಲ್ಯಾಬಿನ ಮೂಲ ವರದಿ ತರಿಸಿದೆ. ಮಾದರಿಯ ವಿವರದ ಜಾಗದಲ್ಲಿ 'ಗುಂಡಿ ಮಣ್ಣು' ಅಂತ ಎರಡೇ ಪದ. ಎಷ್ಟು ಆಳದ್ದು, ಯಾವ ಮೂಲೆಯದ್ದು, ಯಾವ ಬಣ್ಣ, ಏನೂ ಇಲ್ಲ. ಗುಂಡಿಗೆ ಹೋಗಿ ಅಗೆಯುವ ಯಂತ್ರದ ಆಪರೇಟರನ್ನು ಕೇಳಿದೆ. ಆತ ತಲೆಯೆತ್ತದೆ ಹೇಳಿದ: ಎರಡು ಆಳುದ್ದ ಇಳಿದ ಮೇಲೆ ಕೆಂಪು ಮುಗಿಯಿತು, ಕಂದು ಜೇಡಿ ಶುರುವಾಯಿತು, ಬಕೆಟ್ಟಿಗೆ ಅಂಟುತ್ತದೆ. ಬಲಗಡೆಗೆ ಹೋಗುತ್ತಿರುವುದು ಅದು. ಎಡಗಡೆಗೆ ಹೋಗುತ್ತಿರುವುದು ಪಕ್ಕದ ದಿಬ್ಬದ್ದು, ಅದರಲ್ಲಿ ಕಲ್ಲು ಜಾಸ್ತಿ. ಯಾವತ್ತು ಬದಲಾಯಿತು ಅಂತಲೂ ಆತನಿಗೆ ನೆನಪಿತ್ತು. ಟೆಸ್ಟ್ ಫೇಲ್ ಆಗಲು ಶುರುವಾದ ವಾರವೇ ಅದು. ಆತನನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಕಂದು ಮಣ್ಣಿಗೆ ಬೇರೆಯಾಗಿ ಪ್ರಾಕ್ಟರ್ ಮಾಡಿಸಿದೆವು. ಗರಿಷ್ಠ ಒಣ ಸಾಂದ್ರತೆ 1.76, ಸೂಕ್ತ ತೇವಾಂಶ 16.5. ಕಣಗಳ ಸಾಪೇಕ್ಷ ಸಾಂದ್ರತೆಯೂ ನಾವು ಊಹಿಸಿದ 2.70ರ ಹತ್ತಿರವೇ ಬಂತು. ಈಗ ಆ 'ಫೇಲ್' ಟೆಸ್ಟನ್ನು ಮತ್ತೆ ನೋಡಿ. 1.74 ಭಾಗಿಸು 1.76, ಸುಮಾರು 99 ಶೇಕಡಾ. ತೇವಾಂಶ ಸೂಕ್ತಕ್ಕಿಂತ ಅರ್ಧ ಶೇಕಡಾ ಮಾತ್ರ ಕಡಿಮೆ. ಇದಕ್ಕಿಂತ ಚೆನ್ನಾಗಿ ಆ ಮಣ್ಣನ್ನು ಕೂರಿಸುವುದು ಕಷ್ಟ. ಅದನ್ನೇ ಬಿಡಿಸಿ, ಒಣಗಿಸಿ, ಹಾಳು ಮಾಡಿದ್ದರು.

ಹಾಳು ಅನ್ನುವ ಮಾತು ಜಾಸ್ತಿಯಾಯಿತು ಅಂತ ಸೈಟ್ ಎಂಜಿನಿಯರ್ ಆಕ್ಷೇಪಿಸಿದರು. 1.65 ಅಂದರೆ 1.76ರ 94 ಶೇಕಡಾ, ಒಂದು ಶೇಕಡಾ ತಾನೇ ಕಮ್ಮಿ, ನೆಲವಂತೂ ಕಲ್ಲಿನ ಹಾಗಿದೆ, ಬಿಟ್ಟರೆ ಏನಂತೆ ಅಂತ ಅವರ ವಾದ. ವಾದಕ್ಕೆ ವಾದ ಬೇಡ ಅಂತ ಒಂದು ಬಕೆಟ್ ನೀರು ತರಿಸಿದೆವು. ಒಣಗಿಸಿ ಗಟ್ಟಿ ಮಾಡಿದ ಲೇಯರ್‌ನಿಂದ ಮುಷ್ಟಿ ಗಾತ್ರದ ಒಂದು ಹೆಂಟೆ, 16 ಶೇಕಡಾದಲ್ಲಿ ಗಟ್ಟಿ ಮಾಡಿದ ಲೇಯರ್‌ನಿಂದ ಇನ್ನೊಂದು. ಎರಡನ್ನೂ ಮೆಲ್ಲಗೆ ನೀರಿಗಿಳಿಸಿದೆವು. ಒಣ ಹೆಂಟೆಯಿಂದ ಗುಳ್ಳೆಗಳು ಸರಸರನೆ ಎದ್ದವು, ಅಂಚು ಚಕ್ಕೆ ಚಕ್ಕೆಯಾಗಿ ಉದುರಿತು, ಸ್ವಲ್ಪ ಹೊತ್ತಿನಲ್ಲೇ ತಳದಲ್ಲಿ ಒಂದು ಗುಪ್ಪೆ ಮಾತ್ರ ಉಳಿಯಿತು. ಇನ್ನೊಂದರ ಮೈ ಮೆತ್ತಗಾಯಿತು, ನೀರು ಸ್ವಲ್ಪ ಕಂದಾಯಿತು, ಆಕಾರ ಹಾಗೇ ಇತ್ತು.

ಆಮೇಲೆ ಲ್ಯಾಬಿನಲ್ಲಿ ಮಣ್ಣಿನ ಭಾರ ಹೊರುವ ಶಕ್ತಿ ಅಳೆಯುವ ಸಿಬಿಆರ್ ಟೆಸ್ಟ್ ಮಾಡಿಸಿದಾಗಲೂ ಅದೇ ಕಥೆ. ನೆನೆಸುವ ಮೊದಲು ಒಣ ಮಾದರಿ 19, ನಾಲ್ಕು ದಿನ ನೆನೆಸಿದ ಮೇಲೆ 3. ಸೂಕ್ತ ತೇವಾಂಶದ ಮಾದರಿ 8 ಇದ್ದದ್ದು 6. ಜೇಡಿ ಮಣ್ಣನ್ನು ಒಣ ಬದಿಯಲ್ಲಿ, ಅಂದರೆ ಸೂಕ್ತಕ್ಕಿಂತ ಕಡಿಮೆ ತೇವಾಂಶದಲ್ಲಿ ಒತ್ತಿದರೆ ಅದು ಗಟ್ಟಿ ಗಟ್ಟಿ ಹೆಂಟೆಗಳಾಗಿ ಒಂದಕ್ಕೊಂದು ಆತುಕೊಂಡು ನಿಲ್ಲುತ್ತದೆ. ಹೆಂಟೆಗಳ ನಡುವಿನ ಸಂದಿ ಮುಚ್ಚುವುದಿಲ್ಲ. ನೀರು ಆ ದಾರಿಯಲ್ಲೇ ಒಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಹಿಮ್ಮಡಿಗೆ ಸಿಗುವ ಗಟ್ಟಿತನ ಮಳೆಗಾಲಕ್ಕೆ ಸಾಕ್ಷಿ ಆಗುವುದಿಲ್ಲ. ಸೈಟ್ ಎಂಜಿನಿಯರ್ ಮತ್ತೆ ಆ ವಿಷಯ ಎತ್ತಲಿಲ್ಲ.

ಎಡಗಡೆ

ನನ್ನನ್ನು ಕರೆದ ಕೆಲಸ ಇಲ್ಲಿಗೆ ಮುಗಿದಿತ್ತು. ಬಲಗಡೆಯ ಒಗಟು ಬಿಡಿಸಿದ್ದರಿಂದ ಸೈಟಿನಲ್ಲೂ ಹಗುರವಾದ ವಾತಾವರಣ. ಆದರೆ ಕೆಳಗಿನ ಸಂಖ್ಯೆ ಬಲಗಡೆಗೆ ತಪ್ಪು ಅಂದ ಮೇಲೆ ಎಡಗಡೆಗೆ ಸರಿ ಅಂತ ಹೇಗೆ ನಂಬುವುದು? ಆಪರೇಟರ್ ಹೇಳಿದ ಕಲ್ಲಿನ ಮಾತು ತಲೆಯಲ್ಲಿತ್ತು. 101 ಶೇಕಡಾ ಅಂತ ಬಂದಾಗಲೇ ಯಾರಾದರೂ ಹುಬ್ಬೇರಿಸಬೇಕಿತ್ತು. ನೂರು ದಾಟುವುದು ಅಸಾಧ್ಯವೇನಲ್ಲ. ಭಾರಿ ರೋಲರ್ ಲ್ಯಾಬಿನ ಸುತ್ತಿಗೆಗಿಂತ ಜಾಸ್ತಿ ಶಕ್ತಿ ಕೊಡಬಲ್ಲದು. ಆದರೆ ಅದೇ ರೋಲರ್ ಅದೇ ಪಾಸ್‌ಗಳಲ್ಲಿ ಕೆಳಗಿನ ಲೇಯರ್‌ಗಳಿಗೆ 97 ಕೊಟ್ಟು, ಮಣ್ಣು ಬದಲಾದ ವಾರದಿಂದ 101 ಕೊಟ್ಟರೆ? ಫೇಲ್ ಬಂದರೆ ಹತ್ತು ಜನ ಓಡಿ ಬರುತ್ತಾರೆ, ಪಾಸ್ ಬಂದರೆ ಫೈಲಿಗೆ ಹೋಗುತ್ತದೆ.

ಲ್ಯಾಬಿನ ಅಚ್ಚು ಚಿಕ್ಕದು. ಹಾಗಾಗಿ 19 ಮಿ.ಮೀ. ಗಿಂತ ದೊಡ್ಡ ಕಲ್ಲನ್ನು ಜರಡಿ ಹಿಡಿದು ತೆಗೆದೇ ಪ್ರಾಕ್ಟರ್ ಮಾಡುತ್ತಾರೆ. ಸೈಟಿನ ಗುಂಡಿಯಲ್ಲಿ ಆ ಕಲ್ಲು ಇರುತ್ತದೆ. ಕಲ್ಲಿನ ಸಾಂದ್ರತೆ 2.6ರ ಮೇಲೆ, ಮಣ್ಣಿನದ್ದು ಎರಡರ ಒಳಗೆ. ಕಲ್ಲು ಇದ್ದಷ್ಟೂ ಗುಂಡಿಯ ತೂಕ ಸುಮ್ನೆ ಏರುತ್ತದೆ. ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಎಡಗಡೆಯ ಮಣ್ಣನ್ನು ಜರಡಿ ಹಿಡಿಸಿದಾಗ 19 ಮಿ.ಮೀ. ಮೇಲಿನ ಕಲ್ಲು ಸುಮಾರು 25 ಶೇಕಡಾ ಸಿಕ್ಕಿತು. ಕಲ್ಲಿನ ಸಾಂದ್ರತೆ 2.62. ಉಳಿದ ಸಣ್ಣ ಮಣ್ಣಿಗೆ ಹೊಸದಾಗಿ ಪ್ರಾಕ್ಟರ್ ಮಾಡಿಸಿದರೆ ಅದೇ 1.98 ಬಂತು, ಅಷ್ಟರ ಮಟ್ಟಿಗೆ ಹಳೆಯ ವರದಿ ಸರಿಯೇ. ಎರಡನ್ನೂ ಗಾತ್ರದ ಲೆಕ್ಕದಲ್ಲಿ ಸೇರಿಸಬೇಕು: 0.25 ಭಾಗಿಸು 2.62, ಕೂಡಿಸು 0.75 ಭಾಗಿಸು 1.98. ಒಟ್ಟು 0.474. ಅದರ ವಿಲೋಮ 2.11. ಕಲ್ಲು ಸೇರಿದ ಈ ಮಣ್ಣಿಗೆ ಕೆಳಗಿನ ಸಂಖ್ಯೆ ಆಗಬೇಕಿದ್ದದ್ದು ಇದು. ಈ ಲೆಕ್ಕಕ್ಕೂ ಮಿತಿ ಇದೆ. 19 ಮಿ.ಮೀ. ಮೇಲಿನ ಕಲ್ಲು 30 ಶೇಕಡಾ ದಾಟಿದರೆ ಇದನ್ನು ನೆಚ್ಚಿಕೊಳ್ಳಬಾರದು. ಆಗ ಕಲ್ಲು ಕಲ್ಲಿಗೆ ತಾಗಿ ನಿಲ್ಲುತ್ತದೆ, ನಡುವಿನ ಮಣ್ಣಿಗೆ ಒತ್ತಡವೇ ಮುಟ್ಟುವುದಿಲ್ಲ.

ಇಂಥ ಮಣ್ಣಿಗೆ 100 ಮಿ.ಮೀ. ಗುಂಡಿ ಸಾಲದು. ಒಂದೇ ದೊಡ್ಡ ಕಲ್ಲು ಲೆಕ್ಕವನ್ನೇ ತಿರುಗಿಸಿಬಿಡುತ್ತದೆ. 200 ಮಿ.ಮೀ. ಅಗಲದ ಗುಂಡಿ ಮಾಡಿಸಿ ದೊಡ್ಡ ಸಿಲಿಂಡರಿನಲ್ಲಿ ಮರಳು ತುಂಬಿಸಿದೆವು. ಒಣ ಸಾಂದ್ರತೆ ಕೆಲವು ಕಡೆ 1.99, ಕೆಲವು ಕಡೆ 1.95. ಹಳೆಯ ಲೆಕ್ಕದಲ್ಲಿ 101 ಮತ್ತು 98. ಹೊಸ ಲೆಕ್ಕದಲ್ಲಿ 94 ಮತ್ತು 92. ಇನ್ನೂ ಒಂದು ಹೆಜ್ಜೆ ಹೋಗಿ ಕಲ್ಲನ್ನು ಲೆಕ್ಕದಿಂದ ತೆಗೆದು, ನಡುವಿನ ಮಣ್ಣು ಮಾತ್ರ ಎಷ್ಟು ಗಟ್ಟಿಯಾಗಿದೆ ನೋಡಿದೆವು. 1.95 ಬಂದ ಕಡೆ ಆ ಮಣ್ಣಿನ ಸಾಂದ್ರತೆ ಬರೀ 1.80, ಅಂದರೆ 91 ಶೇಕಡಾ. ಗುಂಡಿಯ ಗೋಡೆಯಲ್ಲಿ ಕಣ್ಣಿಗೂ ಕಾಣುತ್ತಿತ್ತು. ಕಲ್ಲಿನ ಕೆಳಗೆ ಕಿರುಬೆರಳು ತೂರುವಷ್ಟು ಜಾಗ, ಅಲ್ಲಿಂದ ಮಣ್ಣು ಪುಡಿಪುಡಿಯಾಗಿ ಉದುರುತ್ತಿತ್ತು. ಇದರ ಮೇಲೆ ಆಗಲೇ ಇನ್ನೆರಡು ಲೇಯರ್ ಕೂತಿದ್ದವು.

ತೀರ್ಮಾನಗಳು

ಬಲಗಡೆಯದ್ದು ಸುಲಭವಾಯಿತು. 16 ಶೇಕಡಾದಲ್ಲಿ ಹಾಕಿದ ಲೇಯರ್‌ಗಳನ್ನು ಹಾಗೇ ಉಳಿಸಿದೆವು. ಅತಿಯಾಗಿ ರೋಲರ್ ಹೊಡೆದು ಪಂಪ್ ಮಾಡಿದ್ದ ಜಾಗವನ್ನು ಮಾತ್ರ ಬಿಡಿಸಿ ಮತ್ತೆ ಕೂರಿಸಿದರು. ಒಣಗಿಸಿದ ಎರಡು ಲೇಯರ್‌ಗಳನ್ನು ಕಿತ್ತು, ನೀರು ಚಿಮುಕಿಸಿ, ಕಲಸಿ, ಒಂದು ರಾತ್ರಿ ಹಾಗೇ ಬಿಟ್ಟು ಮರುದಿನ ರೋಲರ್ ಹೊಡೆದರು. ಜೇಡಿಗೆ ನೀರು ಹಾಕಿದ ಕೂಡಲೇ ರೋಲರ್ ಏರಿಸಬಾರದು. ಹೆಂಟೆಯ ಹೊರಮೈ ಒದ್ದೆಯಾಗಿರುತ್ತದೆ, ಹೊಟ್ಟೆ ಒಣಗಿಯೇ ಇರುತ್ತದೆ.

ನಯವಾದ ಡ್ರಮ್ಮಿನ ವೈಬ್ರೇಟರಿ ರೋಲರ್ ಬದಲು ಕಾಲುಗಳಿರುವ ಪ್ಯಾಡ್‌ಫೂಟ್ ರೋಲರ್ ತರಿಸಿದರು. ಜೇಡಿಗೆ ನಡುಗಿಸುವುದಕ್ಕಿಂತ ನಾದುವುದು ಬೇಕು. ಒಂದು ಪಟ್ಟಿಯಲ್ಲಿ ಪ್ರಯೋಗ ಮಾಡಿ ನೋಡಿದಾಗ ನಾಲ್ಕು ಪಾಸಿಗೆ 1.64, ಆರಕ್ಕೆ 1.69, ಎಂಟಕ್ಕೆ 1.73, ಹತ್ತಕ್ಕೆ 1.735. ಆರೇ ಸಾಕು, 96 ಶೇಕಡಾ ಬಂತಲ್ಲ ಅಂತ ಗುತ್ತಿಗೆದಾರರ ಕಡೆಯವರು ಕೇಳಿದರು. ಸರಾಸರಿ 96 ಇದ್ದರೆ ಸುಮಾರು ಜಾಗಗಳು 95ರ ಕೆಳಗೆ ಬೀಳುತ್ತವೆ. ಎಂಟು ಅಂತ ನಿಲ್ಲಿಸಿದೆವು. ಹತ್ತು ದಂಡ.

ಸುಣ್ಣದ ಯೋಜನೆ ಅಲ್ಲಿಗೆ ಬಿಟ್ಟುಹೋಯಿತು. ಸುಣ್ಣ ಕೆಟ್ಟದ್ದು ಅಂತ ಅಲ್ಲ, ಇಲ್ಲಿ ಅದಕ್ಕೆ ರೋಗವೇ ಇರಲಿಲ್ಲ.

ಎಡಗಡೆಯ ತೀರ್ಮಾನಕ್ಕೆ ಸಾಕಷ್ಟು ಜಗ್ಗಾಟ ನಡೆಯಿತು. ಕಾಗದದಲ್ಲಿ ಪಾಸ್ ಆದ, ಸಹಿ ಬಿದ್ದ, ಬಿಲ್ ಆದ ಲೇಯರ್‌ಗಳು. ಅವನ್ನು ಅಗೆಯಿರಿ ಅಂದರೆ ಯಾರು ಒಪ್ಪುತ್ತಾರೆ? ಪೂರ್ತಿ ತೆಗೆಯುವುದು, ಪೂರ್ತಿ ಬಿಡುವುದು ಎರಡೂ ನನಗೆ ಸರಿ ಕಾಣಲಿಲ್ಲ. ಅಬಟ್‌ಮೆಂಟಿನ ಬೆನ್ನಿಗೆ ಹತ್ತಿಕೊಂಡಿರುವ ಭಾಗವನ್ನು ಸಂಖ್ಯೆ 94 ಇರಲಿ, 92 ಇರಲಿ, ಪೂರ್ತಿ ತೆಗೆಯಲು ಹೇಳಿದೆ. ಕಾಂಕ್ರೀಟ್ ಗೋಡೆ ಇಳಿಯುವುದಿಲ್ಲ, ಪಕ್ಕದ ಮಣ್ಣು ಇಳಿಯುತ್ತದೆ. ಸೇತುವೆ ಹತ್ತುವಾಗ ಗಾಡಿ ದಡಕ್ಕನೆ ಕುಕ್ಕುವುದು ಅಲ್ಲೇ. ಮೇಲಾಗಿ ಗೋಡೆಯ ಹತ್ತಿರ ದೊಡ್ಡ ರೋಲರ್ ಹೋಗುವುದಿಲ್ಲ, ಕೈಯಲ್ಲಿ ಹಿಡಿಯುವ ಪ್ಲೇಟ್ ಯಂತ್ರವೇ ಗತಿ. ಅದಕ್ಕೆ 200 ಮಿ.ಮೀ. ಲೇಯರ್ ತುಂಬಾ ದಪ್ಪ. 100ಕ್ಕೆ ಇಳಿಸಿ, ದೊಡ್ಡ ಕಲ್ಲು ಆರಿಸಿ ತೆಗೆದು ಮತ್ತೆ ತುಂಬಿಸಿದರು.

ಅಬಟ್‌ಮೆಂಟಿನಿಂದ ದೂರದಲ್ಲಿ 92 ಬಂದ ಜಾಗಗಳನ್ನು ಮೇಲಿನ ಎರಡು ಲೇಯರ್ ಸಮೇತ ಕಿತ್ತರು. 94 ಬಂದದ್ದನ್ನು ಬಿಟ್ಟೆವು. ನಿಯಮದ ಪ್ರಕಾರ ಅದೂ ಫೇಲ್. ಒಂದು ಶೇಕಡಾಕ್ಕೂ ಕಡಿಮೆ ಕೊರತೆಗೆ ಅಷ್ಟು ಮಣ್ಣು ಅಗೆದರೆ ಪಕ್ಕದ ಒಳ್ಳೆಯ ಮಣ್ಣೂ ಕದಡುತ್ತದೆ, ಅದರ ಹಾನಿಯೇ ಜಾಸ್ತಿ ಅನ್ನುವುದು ನನ್ನ ಲೆಕ್ಕವಾಗಿತ್ತು. ಪಾಸ್ ಅಂತ ಬರೆಯಲು ಮಾತ್ರ ಒಪ್ಪಲಿಲ್ಲ. 94 ಅಂತಲೇ ಬರೆದು, ಯಾಕೆ ಉಳಿಸಿದ್ದೇವೆ ಅನ್ನುವ ಕಾರಣವನ್ನು ಕೆಳಗೆ ಬರೆಸಿ, ಅಲ್ಲಿ ಇಳಿತ ಅಳೆಯುವ ಗೂಟ ನೆಡಿಸಿದೆವು. ದುಡ್ಡಿನ ಜಗಳ ಬೇರೆ ಕೋಣೆಯಲ್ಲಿ ಬಹಳ ಕಾಲ ನಡೆಯಿತು, ಅದು ಈ ಬರಹದ ವಿಷಯವಲ್ಲ.

ಒಂದು ಮಳೆಗಾಲ ಕಳೆದ ಮೇಲೆ ಗೂಟಗಳನ್ನು ಅಳೆದಾಗ ಬಲಗಡೆ 4ರಿಂದ 6 ಮಿ.ಮೀ. ಇಳಿದಿತ್ತು. ಎಡಗಡೆ ನಾವು ಉಳಿಸಿದ ಭಾಗದಲ್ಲಿ 9ರಿಂದ 11. ಇಳಿತ ಸಮನಾಗಿದ್ದುದರಿಂದ ರಸ್ತೆಯ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ. ಅಬಟ್‌ಮೆಂಟ್ ಅಂಚಿನಲ್ಲಿ ಮೆಟ್ಟಿಲು ಬಿದ್ದಿರಲಿಲ್ಲ. ಹಾಗಿದ್ದರೂ 94 ಮತ್ತು 99ರ ವ್ಯತ್ಯಾಸ ನೆಲದಲ್ಲಿ ಕಾಣಿಸಿಕೊಂಡಿತು ಅನ್ನುವುದನ್ನು ವರದಿಯಲ್ಲಿ ಸೇರಿಸಿದ್ದೇನೆ.

ಆಮೇಲೆ ಸೈಟಿನಲ್ಲಿ ಬದಲಾದದ್ದು

ದೊಡ್ಡ ಬದಲಾವಣೆ ಟೆಸ್ಟಿನ ಫಾರಂನಲ್ಲಿ. ಮೊದಲು ಅದರಲ್ಲಿ ಗರಿಷ್ಠ ಸಾಂದ್ರತೆಯ ಜಾಗದಲ್ಲಿ 1.98 ಅಂತ ಅಚ್ಚಾಗಿಯೇ ಬರುತ್ತಿತ್ತು. ಟೆಸ್ಟ್ ಮಾಡುವವನಿಗೆ ಅದನ್ನು ಬದಲಾಯಿಸುವ ಅವಕಾಶವೇ ಇರಲಿಲ್ಲ. ಈಗ ಆ ಜಾಗ ಖಾಲಿ. ಟೆಸ್ಟ್ ಗುಂಡಿಯಿಂದ ತೆಗೆದ ಅದೇ ಮಣ್ಣನ್ನು ಪಕ್ಕದಲ್ಲೇ ಅಚ್ಚಿಗೆ ಹಾಕಿ ಒಂದು ಸಲ ಪ್ರಾಕ್ಟರ್ ಸುತ್ತಿಗೆ ಹೊಡೆಯಬೇಕು. ಪೂರ್ತಿ ಗುಡ್ಡ ಬೇಡ, ಒಂದೇ ಬಿಂದು ಸಾಕು. ಮಣ್ಣು ತೆಗೆಯುವ ಗುಂಡಿಯ ಬೇರೆ ಬೇರೆ ಮಣ್ಣುಗಳಿಗೆ ಮೊದಲೇ ಎಳೆದಿಟ್ಟ ಗುಡ್ಡಗಳ ಹಾಳೆ ಇದೆ. ಆ ಬಿಂದು ಯಾವುದರ ಮೇಲೆ ಕೂರುತ್ತದೋ ಅದರ ತುದಿಯೇ ಇವತ್ತಿನ ಕೆಳಗಿನ ಸಂಖ್ಯೆ. ಬಿಂದು ಒಣ ಬದಿಯಲ್ಲಿ, ಸೂಕ್ತಕ್ಕೆ ಹತ್ತಿರ ಬೀಳುವ ಹಾಗೆ ನೋಡಿಕೊಳ್ಳಬೇಕು. ಒದ್ದೆ ಬದಿಯಲ್ಲಿ ಎಲ್ಲ ಗುಡ್ಡಗಳೂ ಒಂದಕ್ಕೊಂದು ಹತ್ತಿರ ಬಂದುಬಿಡುತ್ತವೆ, ಯಾವುದು ಯಾವುದು ಅಂತ ತಿಳಿಯುವುದಿಲ್ಲ. ಎರಡು ಗುಡ್ಡಗಳ ನಡುವೆ ಬಿದ್ದರೆ ಅಂದಾಜು ಮಾಡಬಹುದು. ಯಾವುದಕ್ಕೂ ಹೊಂದದಿದ್ದರೆ ಹೊಸ ಮಣ್ಣು ಬಂದಿದೆ ಅಂತ ಅರ್ಥ, ಪೂರ್ತಿ ಪ್ರಾಕ್ಟರ್ ಆಗುವವರೆಗೆ ಆ ಲೇಯರ್ ಮೇಲೆ ಇನ್ನೊಂದು ಹಾಕುವ ಹಾಗಿಲ್ಲ.

ಇದರಿಂದ ಕೆಲಸ ನಿಲ್ಲುತ್ತದೆ ಅಂತ ಮೊದಮೊದಲು ಗೊಣಗಾಟ ಇತ್ತು. ಮಣ್ಣು ಹರಡುವಾಗಲೇ ಅಚ್ಚಿನ ಕೆಲಸ ಮುಗಿಸಿಕೊಂಡರೆ ರೋಲರ್ ನಿಲ್ಲಬೇಕಾಗಿಲ್ಲ ಅಂತ ಲ್ಯಾಬಿನ ಹುಡುಗನೇ ದಾರಿ ಹುಡುಕಿದ. ಹಿಂದೆ ಎಲ್ಲರ ಬೈಗುಳ ತಿಂದಿದ್ದ ಅದೇ ಹುಡುಗ.

ಫಾರಂನಲ್ಲಿ ಇನ್ನೆರಡು ಕಾಲಂ ಸೇರಿದವು. ಒಂದರಲ್ಲಿ 19 ಮಿ.ಮೀ. ಮೇಲಿನ ಕಲ್ಲು ಎಷ್ಟು ಶೇಕಡಾ ಅಂತ ಬರೆಯಬೇಕು. ಇನ್ನೊಂದರಲ್ಲಿ ಸಂದಿಗಳಲ್ಲಿ ನೀರು ಎಷ್ಟು ಶೇಕಡಾ ತುಂಬಿದೆ ಅಂತ. ಈ ಎರಡನೆಯದು 95 ದಾಟಿದರೆ ಪಾಸೋ ಫೇಲೋ ನೋಡುವ ಮೊದಲೇ ಟೆಸ್ಟ್ ವಾಪಸ್ ಹೋಗುತ್ತದೆ. ತೂಕದಲ್ಲೋ, ಮರಳಿನಲ್ಲೋ, ತೇವಾಂಶದಲ್ಲೋ ಎಲ್ಲೋ ಎಡವಟ್ಟಾಗಿದೆ ಅಂತ ಲೆಕ್ಕ. 100 ದಾಟಿದರಂತೂ ಹೇಳುವುದೇ ಬೇಡ, ಅಂಥ ಮಣ್ಣು ಇರಲು ಸಾಧ್ಯವೇ ಇಲ್ಲ. ಮತ್ತೆ, ಗುಂಡಿಯಲ್ಲಿ ಬಣ್ಣ ಬದಲಾದರೆ ಆಪರೇಟರ್ ನೇರವಾಗಿ ಲ್ಯಾಬಿಗೆ ಫೋನ್ ಮಾಡಬೇಕು. ಮೊದಲ ವಾರದಲ್ಲೇ ಆತ ಫೋನ್ ಮಾಡಿದ. ಕಂದು ಜೇಡಿಯ ಕೆಳಗೆ ಬೂದು ಬಣ್ಣದ, ಮುಟ್ಟಿದರೆ ಸೋಪಿನ ಹಾಗೆ ಜಾರುವ ಮಣ್ಣು ಸಿಕ್ಕಿತ್ತು. ಅದರ ಗುಡ್ಡ ಎಳೆದು ನೋಡುವವರೆಗೆ ಆ ಮೂಲೆಯಲ್ಲಿ ಅಗೆತ ನಿಲ್ಲಿಸಿದರು.